ಯುದ್ಧದ ಸಿನಿಮಾದಲ್ಲಿ ನಿರ್ದೇಶಕ ತನಗೆ ಅಂತ ಯಾವ ಪುಟ್ಟ ಪಾತ್ರ ಇಟ್ಟುಕೊಳ್ಳುತ್ತಾನೆ?

ಶಹಾಪುರದ ಪ್ರೇಕ್ಷಕ, ಬೆಳಗಾವಿ:

ವಿಯೆಟ್ನಾಂ ಯುದ್ಧದ ಸಿನಿಮಾ 'ಅಪೊಕ್ಯಾಲಿಪ್ಸ್ ನೌ' (1979) ನೋಡಿದವರಿಗೆ ಈ ದೃಶ್ಯ ನೆನಪಿರಬಹುದು. ಕ್ಯಾಪ್ಟನ್ ವಿಲ್ಲರ್ಡ್ ದೋಣಿ ಇಳಿದು ದಂಡೆಗೆ ಬರುತ್ತಾನೆ. ಸುತ್ತ ಹೊಗೆ, ಬೆಂಕಿ, ಗುಂಡಿನ ಸದ್ದು. ಕರ್ನಲ್ ಕಿಲ್ಗೋರ್‌ನ ಪಡೆ ಅಲ್ಲಿ ದಾಳಿ ಮಾಡಿದೆ. ಈ ಗದ್ದಲದ ನಡುವೆ ಗಡ್ಡದವನೊಬ್ಬ ಕೈ ಬೀಸಿ ಬೀಸಿ ಕೂಗುತ್ತಾನೆ. ಕ್ಯಾಮೆರಾ ಕಡೆ ನೋಡಬೇಡಿ, ಮುಂದೆ ಹೋಗ್ತಾ ಇರಿ, ಹೋರಾಡ್ತಾ ಇರೋರ ಹಾಗೆ ಹೋಗಿ, ಇದು ಟಿವಿಗೆ ಅಂತ. ಪಕ್ಕದಲ್ಲಿ ಕ್ಯಾಮೆರಾ ತಿರುಗುತ್ತಿದೆ. ವಿಲ್ಲರ್ಡ್ ತಬ್ಬಿಬ್ಬಾಗಿ ಅವನನ್ನೇ ನೋಡುತ್ತಾನೆ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ದೃಶ್ಯ ಮುಗಿದುಹೋಗುತ್ತದೆ.

ಆ ಗಡ್ಡದವರೇ ಸಿನಿಮಾದ ನಿರ್ದೇಶಕ ಫ್ರಾನ್ಸಿಸ್ ಫೋರ್ಡ್ ಕೊಪೊಲಾ. ಟಿವಿ ತಂಡದಲ್ಲಿ ಅವರ ಜೊತೆ ಇರುವವರೂ ಹೊರಗಿನವರಲ್ಲ. ಒಬ್ಬರು ಇದೇ ಸಿನಿಮಾದ ಛಾಯಾಗ್ರಾಹಕ ವಿಟ್ಟೋರಿಯೊ ಸ್ಟೊರಾರೊ. ಇನ್ನೊಬ್ಬರು ಪ್ರೊಡಕ್ಷನ್ ಡಿಸೈನರ್ ಡೀನ್ ಟಾವುಲಾರಿಸ್.

ನಿರ್ದೇಶಕರು ತಮ್ಮ ಸಿನಿಮಾದಲ್ಲಿ ಹೀಗೆ ಬಂದು ಹೋಗುವುದು ಹೊಸದೇನಲ್ಲ. ಜನರಿಗೂ ಗುರುತು ಹಿಡಿಯುವ ಖುಷಿ ಇರುತ್ತದೆ. ಆದರೆ ಈ ದೃಶ್ಯವನ್ನು ಅಷ್ಟಕ್ಕೇ ಬಿಟ್ಟುಬಿಡಲು ನನಗೆ ಮನಸ್ಸಿಲ್ಲ. ಕೊಪೊಲಾ ಬೇಕಿದ್ದರೆ ಒಬ್ಬ ಸಿಪಾಯಿ ಆಗಬಹುದಿತ್ತು. ಹೆಲಿಕಾಪ್ಟರ್ ಓಡಿಸುವವನಾಗಬಹುದಿತ್ತು. ಅದನ್ನೆಲ್ಲ ಬಿಟ್ಟು, ಸೈನಿಕರಿಗೆ ಹೀಗೆ ಹೋರಾಡಿ, ಹಾಗೆ ಹೋಗಿ ಅಂತ ಹೇಳಿಕೊಡುವ ಮನುಷ್ಯನ ಪಾತ್ರ ತೆಗೆದುಕೊಂಡರು. ವಿಯೆಟ್ನಾಂ ಯುದ್ಧವನ್ನು ಅಮೆರಿಕದ ಮನೆಮನೆಯಲ್ಲಿ ಜನ ಟಿವಿಯಲ್ಲಿ ನೋಡಿದರು. ಊಟದ ಹೊತ್ತಿಗೆ ಸುದ್ದಿಯಲ್ಲಿ ಬರುತ್ತಿತ್ತು. ಆ ಯುದ್ಧವನ್ನು ಕ್ಯಾಮೆರಾಕ್ಕೆ ತಕ್ಕಂತೆ ಜೋಡಿಸುವವನ ಜಾಗದಲ್ಲಿ ಕೊಪೊಲಾ ತಾವೇ ಹೋಗಿ ನಿಂತರು.

ಚಿತ್ರೀಕರಣ ಹೇಗೆ ನಡೆಯಿತು ಅಂತ ತಿಳಿದರೆ ಇದು ಇನ್ನೂ ಗಟ್ಟಿಯಾಗುತ್ತದೆ. 1976ರ ಮಾರ್ಚ್‌ನಲ್ಲಿ ಫಿಲಿಪ್ಪೀನ್ಸ್‌ನಲ್ಲಿ ಶೂಟಿಂಗ್ ಶುರುವಾಯಿತು. ಹೆಲಿಕಾಪ್ಟರ್‌ಗಳು ಅಲ್ಲಿನ ಸೇನೆಯವು. ಆಗ ಆ ದೇಶದಲ್ಲಿ ಸರ್ಕಾರ ಬಂಡುಕೋರರ ಜೊತೆ ನಿಜವಾದ ಕಾಳಗ ನಡೆಸುತ್ತಿತ್ತು. ಶೂಟಿಂಗ್ ನಡುವೆಯೇ ಹೆಲಿಕಾಪ್ಟರ್‌ಗಳನ್ನು ಆ ಕಡೆಗೆ ಕರೆಸಿಕೊಳ್ಳುತ್ತಿದ್ದರು. ಮೇ ತಿಂಗಳಲ್ಲಿ ಚಂಡಮಾರುತ ಬಂದು ಸೆಟ್‌ಗಳು ನೆಲಸಮವಾದವು. ಮರುವರ್ಷ ವಿಲ್ಲರ್ಡ್ ಪಾತ್ರದ ಮಾರ್ಟಿನ್ ಶೀನ್‌ಗೆ ಹೃದಯಾಘಾತವಾಯಿತು. ಇಷ್ಟೆಲ್ಲದರ ನಡುವೆ ಕೊಪೊಲಾ ದಿನವೂ ಮಾಡುತ್ತಿದ್ದದ್ದು ಅದೇ ಕೆಲಸ ಅಲ್ವಾ? ಕ್ಯಾಮೆರಾ ನೋಡಬೇಡಿ, ಹೋರಾಡ್ತಾ ಇರೋರ ಹಾಗೆ ಹೋಗಿ. ಅದನ್ನೇ ಸಿನಿಮಾದ ಒಳಗೂ ತಂದಿಟ್ಟರು.

ನನ್ನ ಮಾತು ಇಷ್ಟು. ಯುದ್ಧದ ಸಿನಿಮಾದಲ್ಲಿ ನಿರ್ದೇಶಕ ತನ್ನನ್ನು ಎಲ್ಲಿ ನಿಲ್ಲಿಸಿಕೊಳ್ಳುತ್ತಾನೆ ಅನ್ನುವುದನ್ನು ಗಮನಿಸಿ. ಆ ಯುದ್ಧಕ್ಕೂ ತನಗೂ ಏನು ಸಂಬಂಧ ಅಂತ ಅವನು ಅಂದುಕೊಂಡಿದ್ದಾನೋ ಅದು ಅಲ್ಲಿ ಕಾಣುತ್ತದೆ. ಬೇರೆ ಸಿನಿಮಾಗಳ ಉದಾಹರಣೆ ಇದ್ದವರು ಹೇಳಿ. ಒಪ್ಪದವರು ಖಂಡಿತ ಬರೆಯಿರಿ.

ಇಳಕಲ್ ಅಕ್ಕ, ಬಾಗಲಕೋಟೆ ಜಿಲ್ಲೆ:

ಇದಕ್ಕೆ ಸರಿಯಾದ ಜೋಡಿ ಆಲಿವರ್ ಸ್ಟೋನ್ ಅವರ 'ಪ್ಲಟೂನ್' (1986). ಅದೂ ಫಿಲಿಪ್ಪೀನ್ಸ್‌ನಲ್ಲೇ ತೆಗೆದದ್ದು. ಅಲ್ಲಿ ಅಪ್ಪ ಮಾರ್ಟಿನ್ ಶೀನ್, ಇಲ್ಲಿ ಮಗ ಚಾರ್ಲಿ ಶೀನ್. ಎರಡರಲ್ಲೂ ಹಿನ್ನೆಲೆಯಲ್ಲಿ ನಾಯಕನ ಮಾತು ಕೇಳಿಸುತ್ತದೆ. ಹೋಲಿಕೆ ಅಲ್ಲಿಗೇ ನಿಲ್ಲುತ್ತದೆ. ಕೊಪೊಲಾ ಯುದ್ಧಕ್ಕೆ ಹೋದವರಲ್ಲ. ಸ್ಟೋನ್ ಹೋಗಿದ್ದರು. 1967-68ರಲ್ಲಿ ಪದಾತಿ ದಳದ ಸಾಮಾನ್ಯ ಸಿಪಾಯಿ. ಎರಡು ಸಲ ಗಾಯಗೊಂಡಿದ್ದಾರೆ.

ಸಿನಿಮಾದ ಕೊನೆಯ ರಾತ್ರಿ ಕಾಳಗ ನೆನಪಿದೆಯಾ? 1968ರ ಹೊಸ ವರ್ಷದ ದಿನ ಸ್ಟೋನ್ ಸ್ವತಃ ಕಂಡ ಕಾಳಗವೇ ಅದಕ್ಕೆ ಮೂಲ. ಆ ರಾತ್ರಿ ಶತ್ರುಗಳು ಬೇಲಿ ದಾಟಿ ಒಳಗೆ ನುಗ್ಗುತ್ತಾರೆ. ಬಂಕರ್‌ನಲ್ಲಿ ಒಬ್ಬ ಅಧಿಕಾರಿ ಇದ್ದಾನೆ. ಮೈಗೆ ಸ್ಫೋಟಕ ಕಟ್ಟಿಕೊಂಡ ಒಬ್ಬ ಓಡಿಬಂದು ಬಂಕರ್ ಒಳಗೆ ಹಾರುತ್ತಾನೆ. ಎಲ್ಲ ಸಿಡಿದುಹೋಗುತ್ತದೆ. ಆ ಅಧಿಕಾರಿ ಆಲಿವರ್ ಸ್ಟೋನ್.

ಚಾರ್ಲಿ ಶೀನ್ ಮಾಡಿರುವ ಕ್ರಿಸ್ ಟೇಲರ್ ಪಾತ್ರ ಸ್ಟೋನ್ ಅವರದೇ ಬದುಕಿನಿಂದ ಬಂದದ್ದು. ಅಂದರೆ ತಮ್ಮ ಹರೆಯವನ್ನು ಬೇರೆಯವರಿಗೆ ಕೊಟ್ಟು, ತಾವು ಅಧಿಕಾರಿಯ ಸಮವಸ್ತ್ರ ಹಾಕಿಕೊಂಡರು. ಆ ಸಿಪಾಯಿ ಬದುಕಿ ಉಳಿಯುತ್ತಾನೆ. ಅಧಿಕಾರಿ ಸಾಯುತ್ತಾನೆ. ಆ ದೃಶ್ಯವನ್ನು ನಾನು ತಿರುಗಿಸಿ ತಿರುಗಿಸಿ ನೋಡಿದ್ದೇನೆ. ಮುಖ ಸರಿಯಾಗಿ ಗುರುತಿಗೆ ಸಿಗುವ ಹೊತ್ತಿಗೆ ಬಂಕರ್ ಇರುವುದೇ ಇಲ್ಲ. ತನ್ನನ್ನು ತೋರಿಸಿಕೊಳ್ಳಬೇಕು ಅನ್ನುವ ಆಸೆ ಇದ್ದವರು ಹೀಗೆ ಮಾಡುವುದಿಲ್ಲ.

ಮೂರು ವರ್ಷದ ನಂತರ 'ಬಾರ್ನ್ ಆನ್ ದಿ ಫೋರ್ತ್ ಆಫ್ ಜುಲೈ' (1989) ಮಾಡಿದಾಗಲೂ ಸ್ಟೋನ್ ಒಂದು ಪುಟ್ಟ ಪಾತ್ರ ಇಟ್ಟುಕೊಂಡರು. ಟಿವಿ ವರದಿಗಾರ. ನೋಡಿ, ಮತ್ತೆ ಟಿವಿ.

ಮಾಜಿ ಹವಾಲ್ದಾರ, ಬೈಲಹೊಂಗಲ:

ನಮಸ್ಕಾರ ರೀ ಎಲ್ಲರಿಗೂ. ನಾನು ಒಪ್ಪುವುದಿಲ್ಲ.

ನಾನು ಸಿನಿಮಾ ನೋಡುವಾಗ ಯುದ್ಧ ಕಾಣಬೇಕು. ನಿರ್ದೇಶಕರು ಕಂಡರೆ ನನ್ನ ಮಟ್ಟಿಗೆ ಅಲ್ಲಿಗೆ ಸಿನಿಮಾ ನಿಂತಿತು. ಪಕ್ಕದವರು 'ಅಗೋ ಅವರೇ' ಅಂತ ಬೆರಳು ತೋರಿಸುತ್ತಾರೆ. ಅಷ್ಟರಲ್ಲಿ ಆ ಕಡೆ ಯಾರೋ ಹುಡುಗ ಸತ್ತಿರುತ್ತಾನೆ. ಅವನನ್ನು ಯಾರೂ ನೋಡಲಿಲ್ಲ.

'ಪ್ಲಟೂನ್'ನಲ್ಲಿ ನನಗೆ ಹಿಡಿಸಿದ್ದು ಬೇರೆ. ಡೇಲ್ ಡೈ ಅನ್ನುವವರು ಅಮೆರಿಕದ ಮರೀನ್ ದಳದಿಂದ ಕ್ಯಾಪ್ಟನ್ ಆಗಿ ನಿವೃತ್ತಿಯಾದವರು. ಅವರು ನಟರನ್ನು ಕಾಡಿಗೆ ಕರೆದೊಯ್ದು ಗುಂಡಿ ತೋಡಿಸಿ, ನಿದ್ದೆಗೆಡಿಸಿ ತಯಾರು ಮಾಡಿದರು. ಅದೇ ಸಿನಿಮಾದಲ್ಲಿ ಕ್ಯಾಪ್ಟನ್ ಹ್ಯಾರಿಸ್ ಪಾತ್ರವನ್ನೂ ಮಾಡಿದರು. ಕೊನೆಗೆ ನಮ್ಮ ಜಾಗದ ಮೇಲೆಯೇ ಬಾಂಬ್ ಹಾಕಿ ಅಂತ ರೇಡಿಯೊದಲ್ಲಿ ಕೇಳುವವರು ಅವರೇ. ಅಂಥವರು ಪಾತ್ರ ಮಾಡಿದರೆ ಅದಕ್ಕೆ ಅರ್ಥವಿದೆ. ಹೆಲ್ಮೆಟ್ ಪಟ್ಟಿ ಹೇಗಿರಬೇಕು, ದಣಿದವನು ರೈಫಲ್ ಹೇಗೆ ಹಿಡಿಯುತ್ತಾನೆ ಅಂತ ಅವರ ಮೈಗೇ ಗೊತ್ತಿರುತ್ತದೆ. ಬೆಳಗಾವಿಯ ಮರಾಠಾ ಲೈಟ್ ಇನ್‌ಫೆಂಟ್ರಿ ಸೆಂಟರ್‌ನಲ್ಲಿ ಹೊಸ ಹುಡುಗರು ನಡೆಯುವುದನ್ನು ನೋಡಿ. ಬಂದ ಹೊಸತರಲ್ಲಿ ಒಂದು ನಡಿಗೆ, ತರಬೇತಿ ಮುಗಿಸಿ ಹೊರಡುವಾಗ ಇನ್ನೊಂದು ನಡಿಗೆ. ಸಮವಸ್ತ್ರ ಹಾಕಿಕೊಂಡ ಮಾತ್ರಕ್ಕೆ ಆ ನಡಿಗೆ ಬರುವುದಿಲ್ಲ.

ನಿರ್ದೇಶಕರಿಗೆ ಕ್ಯಾಮೆರಾ ಹಿಂದೆ ಬೇಕಾದಷ್ಟು ಕೆಲಸ ಇದೆ. ಅದನ್ನು ಮಾಡಲಿ.

ಶಹಾಪುರದ ಪ್ರೇಕ್ಷಕ, ಬೆಳಗಾವಿ:

ಹವಾಲ್ದಾರ ಕಾಕಾ, ನಿಮ್ಮ ಮಾತಿಗೆ ತೂಕ ಇದೆ. ಆದರೆ ಮುಖವನ್ನೇ ತೋರಿಸದೆ ಬಂದರೆ? ಸ್ಟ್ಯಾನ್ಲಿ ಕೂಬ್ರಿಕ್ ಅವರ 'ಫುಲ್ ಮೆಟಲ್ ಜಾಕೆಟ್' (1987) ನೋಡಿ. ಕೊನೆಯ ಭಾಗದಲ್ಲಿ ಪಡೆ ಒಬ್ಬ ಸ್ನೈಪರ್ ಕೈಗೆ ಸಿಕ್ಕಿಬಿದ್ದಿದೆ. ಕೌಬಾಯ್ ಅನ್ನುವ ಹೆಸರಿನ ಸೈನಿಕ ರೇಡಿಯೊ ಹಿಡಿದು ಟ್ಯಾಂಕ್ ಕಳಿಸಿ ಅಂತ ಕೇಳುತ್ತಾನೆ. ಆ ಕಡೆಯಿಂದ ಮಾತಾಡುವವನ ಹೆಸರು ಮರ್ಫಿ. ಮುಖ ಕಾಣುವುದೇ ಇಲ್ಲ, ಬರೀ ದನಿ. ಆ ದನಿ ಕೂಬ್ರಿಕ್ ಅವರದು. ಟ್ಯಾಂಕ್ ಬರುವುದಿಲ್ಲ.

ಕೂಬ್ರಿಕ್ ಈ ಸಿನಿಮಾಕ್ಕೆ ವಿಯೆಟ್ನಾಂ ಕಡೆ ಹೋಗಲೇ ಇಲ್ಲ. ಇಂಗ್ಲೆಂಡಿನಲ್ಲೇ ತೆಗೆದರು. ಲಂಡನ್ನಿನ ಬೆಕ್ಟನ್‌ನಲ್ಲಿ ಪಾಳುಬಿದ್ದ ಗ್ಯಾಸ್ ಕಾರ್ಖಾನೆಯನ್ನೇ ವಿಯೆಟ್ನಾಂನ ಹ್ಯುಯೆ ನಗರ ಮಾಡಿದರು. ತಾಳೆ ಜಾತಿಯ ಮರಗಳನ್ನು ಸ್ಪೇನ್‌ನಿಂದ ತರಿಸಿದರು. ಯುದ್ಧದಿಂದ ಅಷ್ಟು ದೂರ ಕುಳಿತವರು, ದೂರ ಕುಳಿತು ಮಾತಾಡುವ ಮರ್ಫಿಯ ದನಿಯಾದರು. ಅವರ ಮಗಳು ವಿವಿಯನ್ ಕೂಡ ಸಾಮೂಹಿಕ ಸಮಾಧಿಯ ದೃಶ್ಯದಲ್ಲಿ ಕ್ಯಾಮೆರಾ ಹಿಡಿದು ನಿಂತಿರುತ್ತಾರೆ.

ಮಾಜಿ ಹವಾಲ್ದಾರ, ಬೈಲಹೊಂಗಲ:

ಇದನ್ನು ಒಪ್ಪುತ್ತೇನೆ ನೋಡು ತಮ್ಮಾ. ಯಾಕೆ ಅಂತ ಹೇಳುತ್ತೇನೆ.

ರೇಡಿಯೊ ಸೆಟ್‌ನಲ್ಲಿ ಬರುವ ದನಿಗೆ ಮುಖ ಇರುವುದಿಲ್ಲ. ಗುಡ್ಡದ ಮೇಲೆ ರಾತ್ರಿ ಕೂತಿರುತ್ತೀರಿ. ಬೆರಳು ಮರಗಟ್ಟಿರುತ್ತವೆ. ಗುಂಡಿ ಒತ್ತಿ ಮಾತಾಡಬೇಕು, ಬಿಟ್ಟು ಕೇಳಬೇಕು. 'ಓವರ್' ಅಂದ ಮೇಲೆ ಮೊದಲು ಗೊರಗೊರ ಸದ್ದು. ಆಮೇಲೆ ಆ ಕಡೆಯವರ ದನಿ. ತಿಂಗಳುಗಟ್ಟಲೆ ಅದೇ ದನಿ ಕೇಳಿರುತ್ತೀರಿ, ಆದರೆ ಮನುಷ್ಯನನ್ನು ನೋಡಿರುವುದಿಲ್ಲ. ನಮಗೆ ಏನು ಬೇಕು ಅಂತ ಕೇಳಿದಾಗ ಆ ಕಡೆಯವರು ಉತ್ತರ ಕೊಡುವ ಮೊದಲು ಸ್ವಲ್ಪ ಹೊತ್ತು ಸುಮ್ಮನಿದ್ದರೆ, ಇಲ್ಲ ಅನ್ನುವುದು ನಮಗೆ ಆಗಲೇ ಗೊತ್ತಾಗುತ್ತಿತ್ತು. ಆ ದನಿಯ ಮೇಲೆ ಸಿಟ್ಟು ಬರುತ್ತದೆ. ಆದರೆ ಆ ದನಿ ಇಲ್ಲದೆ ರಾತ್ರಿ ಕಳೆಯುವುದು ಆಗುವುದಿಲ್ಲ. ನಿರ್ದೇಶಕರು ಆ ದನಿಯಾದರೆ ಸರಿಯಾದ ಜಾಗದಲ್ಲೇ ಕೂತಿದ್ದಾರೆ.

ಟಿವಿಯವನಾಗಿ ಬಂದು ಕುಣಿಯುವುದು ಮಾತ್ರ ನನಗೆ ಹಿಡಿಸುವುದಿಲ್ಲ.

ಜೋರಾಪುರ ಪೇಟೆ, ವಿಜಯಪುರ:

ಎಲ್ಲರೂ ಅರ್ಥದ ಬಗ್ಗೆ ಮಾತಾಡುತ್ತಿದ್ದೀರಿ. ನಾನು ಕೆಲಸದ ಬಗ್ಗೆ ಹೇಳುತ್ತೇನೆ. ನಾನು ಕೆಲವು ವರ್ಷ ಜೂನಿಯರ್ ಆರ್ಟಿಸ್ಟ್‌ಗಳನ್ನು ಒದಗಿಸುವ ಕೆಲಸ ಮಾಡಿದ್ದೇನೆ. ನಮ್ಮ ಕಡೆ ಕೋಟೆ, ಗುಮ್ಮಟ, ಹಳೇ ಗೋಡೆ ಅಂತ ಆಗಾಗ ಶೂಟಿಂಗ್ ನಡೆಯುತ್ತದೆ.

ಒಂದು ಐತಿಹಾಸಿಕ ಕಥೆಯ ಕಾಳಗದ ದೃಶ್ಯಕ್ಕೆ ಹಳ್ಳಿಗಳಿಂದ ಜನ ಕರೆದುಕೊಂಡು ಹೋಗಿದ್ದೆ. ಕೈಗೆ ಮರದ ಕತ್ತಿ, ತಲೆಗೆ ರುಮಾಲು. ಮೇ ತಿಂಗಳ ಬಿಸಿಲು. 'ಆ್ಯಕ್ಷನ್' ಅಂದ ಕೂಡಲೇ ಎಲ್ಲರೂ ಓಡುತ್ತಾರೆ. ಅದರಲ್ಲಿ ಹತ್ತು ಜನ ಓಡುತ್ತಾ ಓಡುತ್ತಾ ಕ್ಯಾಮೆರಾ ನೋಡುತ್ತಾರೆ. ಒಬ್ಬರು ನಗುತ್ತಾರೆ. ಸತ್ತು ಬಿದ್ದವರು ತಲೆ ಎತ್ತಿ, ಮುಗಿಯಿತಾ ಅಂತ ನೋಡುತ್ತಾರೆ. ಕಟ್. ಮತ್ತೆ ಮೊದಲಿಂದ. ಸಹಾಯಕ ನಿರ್ದೇಶಕರು ಮೈಕ್ ಹಿಡಿದು ಕ್ಯಾಮೆರಾ ನೋಡಬೇಡ್ರೀ ಅಂತ ಗಂಟಲು ಹರಿಯುವ ಹಾಗೆ ಕೂಗುತ್ತಾರೆ. ಧೂಳಿನಲ್ಲಿ, ಗದ್ದಲದಲ್ಲಿ ಅದು ಯಾರಿಗೂ ಕೇಳುವುದಿಲ್ಲ.

ಆಗ ನಿರ್ದೇಶಕರು ಎದ್ದು ಬಂದರು. ತಾವೇ ರುಮಾಲು ಸುತ್ತಿಕೊಂಡು, ಅಂಗಿ ಹಾಕಿಕೊಂಡು ಗುಂಪಿನ ನಡುವೆ ನಿಂತರು. ಮುಂದಿನ ಟೇಕ್‌ನಲ್ಲಿ ಒಳಗಿನಿಂದಲೇ ಜನರನ್ನು ತಳ್ಳಿದರು. 'ನೀ ಎಡಕ್ಕೆ ನಡೆ', 'ನೀ ಈಗ ಬೀಳು', 'ನೀ ನನ್ನ ಹಿಂದೇ ಬಾ' ಅಂತ ಹತ್ತಿರದಿಂದ ಹೇಳುತ್ತಾ ಓಡಿದರು. ಮಾತು ಕೇಳಿಸಿದರೂ ಚಿಂತೆ ಇಲ್ಲ, ಧ್ವನಿಯನ್ನು ಆಮೇಲೆ ಸೇರಿಸುತ್ತಾರೆ. ಶಾಟ್ ಓಕೆ ಆಯಿತು. ಸಿನಿಮಾದಲ್ಲಿ ಅವರು ಕಾಣುತ್ತಾರೆ, ಧೂಳಿನಲ್ಲಿ ಒಂದು ರುಮಾಲು ಅಷ್ಟೇ. ಅದು ಅತಿಥಿ ಪಾತ್ರ ಅಂತ ಯಾರೂ ಬರೆಯುವುದಿಲ್ಲ.

ಕೊಪೊಲಾ ದೃಶ್ಯವನ್ನು ನಾನು ಹಾಗೇ ನೋಡುತ್ತೇನೆ. ಕ್ಯಾಮೆರಾ ನೋಡಬೇಡಿ ಅಂತ ಕೂಗುವುದು ನಮ್ಮ ಹೊಟ್ಟೆಪಾಡಿನ ಮಾತು. ಶೂಟಿಂಗ್‌ನಲ್ಲಿ ಕೆಲಸ ಮಾಡಿದ ಯಾರಿಗಾದರೂ ಅದನ್ನು ಕೇಳಿದ ಕೂಡಲೇ ಮೈ ಜುಮ್ ಅನ್ನುತ್ತದೆ. ಅದನ್ನು ಸಿನಿಮಾದ ಒಳಗೇ ಇಟ್ಟಿದ್ದಾರಲ್ಲ, ಅದಕ್ಕೆ ಧೈರ್ಯ ಬೇಕು ಹವಾಲ್ದಾರ ಸಾಹೇಬರೇ. ಇಲ್ಲಿ ನೀವು ನೋಡುತ್ತಿರುವುದೆಲ್ಲ ಹೀಗೆ ಹೇಳಿ ಮಾಡಿಸಿದ್ದು ಅಂತ ನಿರ್ದೇಶಕರೇ ನೋಡುವವರ ಎದುರು ಬಂದು ಹೇಳಿದ ಹಾಗಾಯಿತು.

ಗೋಕಾಕದ ಓದುಗ:

ಹಿಚ್‌ಕಾಕ್ ಅವರನ್ನು ಬಿಟ್ಟರೆ ಹೇಗೆ? 'ಲೈಫ್‌ಬೋಟ್' (1944) ಕೂಡ ಯುದ್ಧದ ಸಿನಿಮಾವೇ. ಜರ್ಮನ್ ಜಲಾಂತರ್ಗಾಮಿ ಹಡಗನ್ನು ಮುಳುಗಿಸಿದೆ. ಬದುಕಿ ಉಳಿದವರು ಒಂದೇ ದೋಣಿಯಲ್ಲಿದ್ದಾರೆ. ಇಡೀ ಸಿನಿಮಾ ಆ ದೋಣಿಯಲ್ಲೇ. ಹಿಚ್‌ಕಾಕ್ ತಮ್ಮ ಹೆಚ್ಚಿನ ಸಿನಿಮಾಗಳಲ್ಲಿ ಹಾದುಹೋಗುವವರು. ನಡುಸಮುದ್ರದಲ್ಲಿ ಹಾದುಹೋಗುವುದು ಹೇಗೆ? ನೀರಿನಲ್ಲಿ ತೇಲುವ ಹೆಣವಾಗಬೇಕು ಅಂತ ಮೊದಲು ಯೋಚಿಸಿದ್ದರಂತೆ. ಕೊನೆಗೆ ದೋಣಿಯಲ್ಲಿದ್ದ ಹಳೇ ಪತ್ರಿಕೆಯಲ್ಲಿ ಬಂದರು. ದಪ್ಪ ಕರಗಿಸುವ ಔಷಧಿಯ ಜಾಹೀರಾತಿನಲ್ಲಿ ಎರಡು ಫೋಟೊ, ಒಂದು ದಪ್ಪಗಿದ್ದಾಗಿನದು, ಇನ್ನೊಂದು ಇಳಿದ ಮೇಲಿನದು. ಆಗ ಅವರು ನಿಜವಾಗಿಯೂ ತೂಕ ಇಳಿಸುತ್ತಿದ್ದರು. ಸಿನಿಮಾ ನೋಡಿದವರು ಆ ಔಷಧಿ ಎಲ್ಲಿ ಸಿಗುತ್ತದೆ ಅಂತ ಕಾಗದ ಬರೆದರಂತೆ. ಔಷಧಿಯೇ ಇರಲಿಲ್ಲ.

ಇದರಲ್ಲಿ ಯುದ್ಧದ ಬಗ್ಗೆ ಹೇಳಿಕೆ ಏನೂ ಇಲ್ಲ. ಶಹಾಪುರದವರ ಮಾತು ಎಲ್ಲ ಸಿನಿಮಾಕ್ಕೂ ಹೊಂದುವುದಿಲ್ಲ ಅಂತ ತೋರಿಸಲು ಬರೆದೆ.

ಇಳಕಲ್ ಅಕ್ಕ, ಬಾಗಲಕೋಟೆ ಜಿಲ್ಲೆ:

ಓದುಗರೇ, ಹೆಣದ ಮಾತು ಬಂದದ್ದಕ್ಕೆ ಹೇಳುತ್ತೇನೆ. 'ಇನ್‌ಗ್ಲೋರಿಯಸ್ ಬಾಸ್ಟರ್ಡ್ಸ್' (2009) ಸಿನಿಮಾದಲ್ಲಿ ಮೊದಲು ನೆತ್ತಿ ಕೊಯ್ಯಿಸಿಕೊಳ್ಳುವ ನಾಜಿ ಸೈನಿಕನ ಹೆಣ ನಿರ್ದೇಶಕ ಕ್ವೆಂಟಿನ್ ಟ್ಯಾರಂಟಿನೊ ಅವರೇ. ನನಗೆ ಅದು ಇಷ್ಟವಾಗಲಿಲ್ಲ. ಗೊತ್ತಿದ್ದವರಿಗೆ ಮಾತ್ರ ಗೊತ್ತಾಗುವಂಥದ್ದು, ಗೊತ್ತಾದ ಮೇಲೆ ಏನೂ ಸೇರುವುದಿಲ್ಲ. ಹಿಚ್‌ಕಾಕ್ ಅವರದು ಕನಿಷ್ಠ ದೋಣಿಯವರ ಹಸಿವಿನ ನಡುವೆ ಬರುತ್ತದೆ. ಹಸಿದವರ ಕೈಯಲ್ಲಿ ತೂಕ ಇಳಿಸುವ ಜಾಹೀರಾತು! ಅದರಲ್ಲಿ ನೀವು ಹೇಳಿದ್ದಕ್ಕಿಂತ ಜಾಸ್ತಿ ಇದೆ ಅಂತ ನನಗೆ ಅನಿಸುತ್ತದೆ.

ಕಂಪನಿ ನಾಟಕದ ಅಭಿಮಾನಿ, ಸವದತ್ತಿ:

ನಮ್ಮವರ ಸುದ್ದಿಯೂ ಬರಲಿ. ಬಿ.ಆರ್. ಪಂತುಲು ಅವರು 'ಕಿತ್ತೂರು ಚೆನ್ನಮ್ಮ' (1961) ತೆಗೆದರು. ಬಿ. ಸರೋಜಾದೇವಿ ಚೆನ್ನಮ್ಮ, ಡಾ. ರಾಜ್‌ಕುಮಾರ್ ಮಲ್ಲಸರ್ಜ. ಆಮೇಲೆ 1970ರಲ್ಲಿ 'ಶ್ರೀ ಕೃಷ್ಣದೇವರಾಯ' ಮಾಡಿದಾಗ ಮಹಾಮಂತ್ರಿ ತಿಮ್ಮರುಸು ಪಾತ್ರವನ್ನು ಪಂತುಲು ತಾವೇ ಮಾಡಿದರು. ಅದು ಪುಟ್ಟ ಪಾತ್ರ ಅಲ್ಲ. ರಾಯನಿಗೆ ಸರಿಸಮನಾಗಿ ನಿಲ್ಲುವ ಪಾತ್ರ.

ನಮ್ಮ ಕಡೆಯ ಸಂಪ್ರದಾಯವೇ ಹಾಗಿದೆ. ಕಂಪನಿ ನಾಟಕದಲ್ಲಿ ಮಾಲಕರೇ ಮುಖ್ಯ ನಟರು. ನಮ್ಮ ಏಣಗಿ ಬಾಳಪ್ಪನವರನ್ನೇ ನೋಡಿ. ಕಂಪನಿ ನಡೆಸಿದರು, ಸ್ತ್ರೀ ಪಾತ್ರ ಮಾಡಿದರು, ಬಸವಣ್ಣನಾಗಿ ರಂಗದ ಮೇಲೆ ಬಂದರೆ ಜನ ಕೈ ಮುಗಿಯುತ್ತಿದ್ದರು. ಯಜಮಾನರು ಎರಡೇ ಮಾತಿನ ಸಿಪಾಯಿಯಾಗಿ ಬಂದರೆ ಟಿಕೆಟ್ ತೆಗೆದುಕೊಂಡವರು ಸುಮ್ಮನಿರುತ್ತಿದ್ದರಾ? ಆದ್ದರಿಂದ ನಮ್ಮ ನಿರ್ದೇಶಕರು ಪಾತ್ರ ಮಾಡಿದರೆ ದೊಡ್ಡದನ್ನೇ ಮಾಡುತ್ತಾರೆ. ತಿಮ್ಮರುಸು ಪಾತ್ರಕ್ಕೂ ಶಹಾಪುರದವರ ಮಾತು ಹೊಂದುತ್ತದೆ ಅಂತ ಇಟ್ಟುಕೊಳ್ಳಿ. ರಾಜನನ್ನು ಸಿಂಹಾಸನದ ಮೇಲೆ ಕೂರಿಸಿ, ಎಲ್ಲವನ್ನೂ ಹಿಂದೆ ನಿಂತು ನಡೆಸುವವನು ಮಂತ್ರಿ. ನಿರ್ದೇಶಕನ ಕೆಲಸವೂ ಅದೇ.

ಶಹಾಪುರದ ಪ್ರೇಕ್ಷಕ, ಬೆಳಗಾವಿ:

ತಿಮ್ಮರುಸು ವಿಷಯ ಹೊಳೆದಿರಲೇ ಇಲ್ಲ, ಬಹಳ ಚೆನ್ನಾಗಿದೆ. ಹಾಗಾದರೆ ಒಂದು ಪ್ರಶ್ನೆ. ಈಗ ಯಾರಾದರೂ ಕಿತ್ತೂರಿನ 1824ರ ಯುದ್ಧದ ಬಗ್ಗೆ ಹೊಸ ಸಿನಿಮಾ ತೆಗೆದರೆ, ಆ ನಿರ್ದೇಶಕರು ಯಾವ ಪುಟ್ಟ ಪಾತ್ರ ಮಾಡಬೇಕು? ಚೆನ್ನಮ್ಮ, ರಾಯಣ್ಣ, ಗುರುಸಿದ್ದಪ್ಪ, ಅಮಟೂರು ಬಾಳಪ್ಪ ಇವೆಲ್ಲ ದೊಡ್ಡ ಪಾತ್ರ, ಬಿಟ್ಟುಬಿಡಿ.

ಗೋಕಾಕದ ಓದುಗ:

ಲಾವಣಿ ಹಾಡುವವನು. ಕಾಳಗ ಮುಗಿದ ಮೇಲೆ ಡಪ್ಪು ಹಿಡಿದು ಕಥೆ ಹೇಳುವವನು.

ಇಳಕಲ್ ಅಕ್ಕ, ಬಾಗಲಕೋಟೆ ಜಿಲ್ಲೆ:

ಲಾವಣಿಯವನು ಬೇಡ. ಅದು ನಿರ್ದೇಶಕರು ತಮ್ಮ ಬೆನ್ನು ತಾವೇ ತಟ್ಟಿಕೊಂಡ ಹಾಗಾಗುತ್ತದೆ. ನನ್ನ ಮನಸ್ಸಿನಲ್ಲಿ ಒಬ್ಬನಿದ್ದಾನೆ, ವಾಲ್ಟರ್ ಎಲಿಯಟ್.

ಕಥೆ ಎಲ್ಲರಿಗೂ ಗೊತ್ತಿದೆ. ದತ್ತು ಒಪ್ಪುವುದಿಲ್ಲ ಅಂತ ಕಲೆಕ್ಟರ್ ಥ್ಯಾಕರೆ ಕಿತ್ತೂರಿಗೆ ಬಂದ. ಖಜಾನೆಗೆ ಮುದ್ರೆ ಹಾಕಿಸಿದ. 1824ರ ಅಕ್ಟೋಬರ್ 23ರಂದು ಕೋಟೆ ಬಾಗಿಲು ತೆರೆಯಿತು, ಕಿತ್ತೂರಿನವರು ಮೇಲೆ ಬಿದ್ದರು, ಥ್ಯಾಕರೆ ಸತ್ತ. ಅವತ್ತು ಸೆರೆ ಸಿಕ್ಕ ಇಬ್ಬರು ಇಂಗ್ಲಿಷ್ ಅಧಿಕಾರಿಗಳು ಸ್ಟೀವನ್‌ಸನ್ ಮತ್ತು ಎಲಿಯಟ್. ಎಲಿಯಟ್‌ಗೆ ಆಗ ಇಪ್ಪತ್ತರ ಆಸುಪಾಸು. ಕಿತ್ತೂರಿನವರು ಅವರಿಬ್ಬರನ್ನು ಕೊಲ್ಲಲಿಲ್ಲ. ಆಮೇಲೆ ಬಿಟ್ಟು ಕಳಿಸಿದರು.

ಇದೇ ಎಲಿಯಟ್ ಮುಂದೆ ನಮ್ಮ ಕಡೆಯ ಊರೂರು ಸುತ್ತಿಸಿ ನೂರಾರು ಶಾಸನಗಳ ಪ್ರತಿ ಮಾಡಿಸಿದರು. ಚಾಲುಕ್ಯರ ಇತಿಹಾಸವನ್ನು ಶಾಸನಗಳಿಂದ ಜೋಡಿಸಿ ಬರೆದವರಲ್ಲಿ ಅವರು ಮೊದಲಿಗರು. 1837ರ ಹೊತ್ತಿಗೆ ಅದು ಅಚ್ಚಾಯಿತು. ಬಾದಾಮಿ, ಐಹೊಳೆ ಅಂತ ಓದುವ ನಮ್ಮ ಜಿಲ್ಲೆಯ ಮಕ್ಕಳಿಗೆ ಅವರ ಹೆಸರು ಗೊತ್ತಿರಬೇಕು. ಕಿತ್ತೂರಿನಲ್ಲಿ ಸೆರೆಯಲ್ಲಿ ಕೂತು, ಜನರನ್ನು ನೋಡುತ್ತಾ, ಅವರ ಮಾತು ಕೇಳುತ್ತಾ ಇದ್ದ ಹುಡುಗ. ಆಮೇಲೆ ಅದೇ ಜನರ ಹಳೇ ಬರಹ ಕೂಡಿಟ್ಟವನು. ನೋಡುವವನು, ಕೂಡಿಡುವವನು. ನಿರ್ದೇಶಕನಿಗೆ ಇದಕ್ಕಿಂತ ಹತ್ತಿರದ ಪಾತ್ರ ಇದೆಯಾ?

ಕಂಪನಿ ನಾಟಕದ ಅಭಿಮಾನಿ, ಸವದತ್ತಿ:

ಅಕ್ಕಾರ, ವಿಷಯ ಚೆನ್ನಾಗಿದೆ. ಆದರೆ ಚೆನ್ನಮ್ಮನ ಸಿನಿಮಾದಲ್ಲಿ ಕನ್ನಡದ ನಿರ್ದೇಶಕ ಇಂಗ್ಲಿಷಿನವನ ವೇಷ ಹಾಕುವುದಾ? ಬೈಲಹೊಂಗಲದಲ್ಲಿ ಆಕೆ ಸೆರೆಯಲ್ಲೇ 1829ರಲ್ಲಿ ತೀರಿಹೋದಳು. ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು. ಎಲಿಯಟ್‌ನನ್ನು ನಾವು ಬಿಟ್ಟು ಕಳಿಸಿದೆವು, ನಮ್ಮವರನ್ನು ಅವರು ಬಿಡಲಿಲ್ಲ. ಆ ವೇಷದಲ್ಲಿ ನಮ್ಮ ನಿರ್ದೇಶಕನನ್ನು ನೋಡಲು ನನಗೆ ಆಗುವುದಿಲ್ಲ.

ಇಳಕಲ್ ಅಕ್ಕ, ಬಾಗಲಕೋಟೆ ಜಿಲ್ಲೆ:

ಆಗದಿದ್ದರೆ ಒಳ್ಳೆಯದೇ ಅಣ್ಣಾರ. ನೋಡುವವರಿಗೆ ಅದು ಚುಚ್ಚಬೇಕು. ಕೊಪೊಲಾ ಕೂಡ ತಮ್ಮನ್ನು ಒಳ್ಳೆಯ ಜಾಗದಲ್ಲಿ ನಿಲ್ಲಿಸಿಕೊಳ್ಳಲಿಲ್ಲ.

ಮಾಜಿ ಹವಾಲ್ದಾರ, ಬೈಲಹೊಂಗಲ:

ನಮ್ಮ ಊರಿನ ಸುದ್ದಿ ಬಂತು, ಸುಮ್ನೆ ಇರಲು ಆಗುವುದಿಲ್ಲ.

ಎಲಿಯಟ್ ಸೆರೆಯಲ್ಲಿದ್ದ ಅಂದರೆ ಅವನ ಬಾಗಿಲಲ್ಲಿ ಒಬ್ಬ ಪಹರೆಯವನು ಇದ್ದೇ ಇರಬೇಕು. ಅವನ ಹೆಸರು ಯಾವ ಪುಸ್ತಕದಲ್ಲೂ ಬರುವುದಿಲ್ಲ. ಅವನೂ ಅವತ್ತು ಕಾದಿದವನೇ. ಅವನ ಜೊತೆಯವರು ಸತ್ತಿರುತ್ತಾರೆ. ಒಳಗೆ ಶತ್ರು ಕೂತಿದ್ದಾನೆ. ಕೈಯಲ್ಲಿ ಆಯುಧ ಇದೆ, ಆದರೆ ಮುಟ್ಟಬಾರದು ಅಂತ ರಾಣಿಯ ಅಪ್ಪಣೆ. ಹೊತ್ತಿಗೆ ಸರಿಯಾಗಿ ರೊಟ್ಟಿ, ನೀರು ಕೊಡಬೇಕು. ಸೆರೆಯವರನ್ನು ಕಾಯುವುದು ಏನು ಅಂತ ಕಾದವರಿಗೆ ಗೊತ್ತು. ಸಿಟ್ಟನ್ನು ಹಲ್ಲು ಕಚ್ಚಿ ಹಿಡಿದು ನಿಲ್ಲಬೇಕು. ಯುದ್ಧಕ್ಕಿಂತ ಅದು ಕಷ್ಟ.

ನಿರ್ದೇಶಕರು ಬರಲೇಬೇಕು ಅಂತಿದ್ದರೆ ಆ ಪಹರೆಯವನಾಗಿ ಬರಲಿ. ಮಾತು ಬೇಡ. ಬಾಗಿಲಿಗೆ ಅಡ್ಡ, ನಮಗೆ ಬೆನ್ನು ಮಾಡಿ ನಿಂತಿರಲಿ. ಮುಖ ಕಾಣದಿದ್ದರೆ ಬೆರಳು ತೋರಿಸುವವರೂ ಇರುವುದಿಲ್ಲ.

ಗೋಕಾಕದ ಓದುಗ:

ನಿಂತು ಕಾಯುವ ಮಾತಿಗೆ ನಿರ್ದೇಶಕ ಸ್ಯಾಮ್ಯುಯೆಲ್ ಫುಲ್ಲರ್ ನೆನಪಾದರು. ಅಮೆರಿಕದ ಮೊದಲನೇ ಪದಾತಿ ಡಿವಿಷನ್‌ನಲ್ಲಿದ್ದವರು, ನಾರ್ಮಂಡಿಯ ಒಮಾಹಾ ದಂಡೆಯಲ್ಲಿ ಇಳಿದವರು. ತಾಯಿ ಕಳಿಸಿಕೊಟ್ಟ 16 ಎಂಎಂ ಕ್ಯಾಮೆರಾದಲ್ಲಿ 1945ರಲ್ಲಿ ಫಾಲ್ಕೆನೌ ಅನ್ನುವ ನಾಜಿಗಳ ಸೆರೆ ಶಿಬಿರವನ್ನು ಚಿತ್ರೀಕರಿಸಿದರು. ಅದೇ ಅನುಭವದ ಮೇಲೆ 'ದಿ ಬಿಗ್ ರೆಡ್ ಒನ್' (1980) ಮಾಡಿದರು. ಸ್ಟುಡಿಯೊದವರು ಅದನ್ನು ಬಹಳ ಕತ್ತರಿಸಿದ್ದರು. 2004ರಲ್ಲಿ ಕತ್ತರಿಸಿದ ಭಾಗಗಳನ್ನು ಸೇರಿಸಿ ಹೊಸ ಆವೃತ್ತಿ ಬಂತು. ಅದರಲ್ಲಿ ಫುಲ್ಲರ್ ಯುದ್ಧದ ಸುದ್ದಿಚಿತ್ರ ತೆಗೆಯುವ ಕ್ಯಾಮೆರಾದವನಾಗಿ ಕಾಣುತ್ತಾರೆ. ಕೊಪೊಲಾ ಅವರ ಟಿವಿಯವನ ಪಕ್ಕದಲ್ಲಿ ಇದನ್ನು ಇಟ್ಟು ನೋಡಿ. ಇವರು ನಿಜವಾಗಿ ಯುದ್ಧದಲ್ಲಿ ಕ್ಯಾಮೆರಾ ಹಿಡಿದವರು.

ಮಾಜಿ ಹವಾಲ್ದಾರ, ಬೈಲಹೊಂಗಲ:

ಇವರಿಗೆ ಹಕ್ಕಿದೆ. ಅದನ್ನು ನೋಡುತ್ತೇನೆ. 2004ರದ್ದೇ ಹುಡುಕಿ ಕೊಡಿ.

ಜೋರಾಪುರ ಪೇಟೆ, ವಿಜಯಪುರ:

ಪಹರೆಯವನ ಪಾತ್ರಕ್ಕೆ ನನ್ನ ಪೂರ್ತಿ ಒಪ್ಪಿಗೆ. ಆದರೆ ಒಂದು ತೊಡಕಿದೆ. ಎಲಿಯಟ್ ಮತ್ತು ಸ್ಟೀವನ್‌ಸನ್ ಒಳಗೆ ಮಾತಾಡುವ ದೃಶ್ಯ ಅದು, ನಟನೆಯೇ ಮುಖ್ಯ. ನಿರ್ದೇಶಕರು ಬಾಗಿಲಲ್ಲಿ ವೇಷ ಹಾಕಿಕೊಂಡು ನಿಂತರೆ ಮಾನಿಟರ್ ನೋಡುವವರು ಯಾರು? ಕಾಕಾ ಹೇಳಿದಂತೆ ಕ್ಯಾಮೆರಾವನ್ನು ಪಹರೆಯವನ ಹಿಂದೆ ಇಟ್ಟರೆ ಒಂದು ಅನುಕೂಲ ಇದೆ. ನಟರಿಬ್ಬರೂ ಅವರ ಎದುರಿಗೇ ಇರುತ್ತಾರೆ. ಮಾನಿಟರ್‌ಗಿಂತ ಚೆನ್ನಾಗಿ ಕಾಣುತ್ತದೆ. ದನಿಗೆ ರುಮಾಲಿನ ಒಳಗೆ ಇಯರ್‌ಫೋನ್ ಇಡಬಹುದು, ಕಿವಿ ಮುಚ್ಚುವ ಹಾಗೆ ಸುತ್ತಿದರೆ ಹಿಂದಿನಿಂದ ಏನೂ ಕಾಣುವುದಿಲ್ಲ. ಫೋಕಸ್ ಸರಿ ಇದೆಯೋ ಇಲ್ಲವೋ ಅಂತ ಛಾಯಾಗ್ರಾಹಕರು ಅದರಲ್ಲೇ ಹೇಳಲಿ. ಹಗಲು ತೆಗೆಯುವುದಾದರೆ ಬಾಗಿಲಿಂದ ಬರುವ ಬೆಳಕನ್ನು ಇವರ ಮೈ ಅಡ್ಡಗಟ್ಟುತ್ತದೆ. ಆದ್ದರಿಂದ ಒಳಗೆ ಎತ್ತರದಲ್ಲಿ ಒಂದು ಕಿಂಡಿ ಇರುವ ಸೆಟ್ ಹಾಕಿಸಬೇಕು.